ಬೆತ್ಲೆಹೇಮಿನಲ್ಲಿ ಶೆಟ್ಟಿಯಂಗಡಿ

ಕ್ರಿಸ್ಮಸ್ ಹಬ್ಬದ ಸಲಕರಣೆಗಳಲ್ಲಿ ಜರ್ಮನರ ದೀಪಾಲಂಕೃತ ವೃಕ್ಷಕ್ಕೆ ಲೋಕದಲ್ಲಿ ಸಂದಿರುವ ಮನ್ನಣೆ ಅಲ್ಪವಲ್ಲ. ಕೆಂಪಂಗಿಯ ಸಾಂತಾ ಕ್ಲಾಸನಂತೂ ಅಂಗಡಿಬೀದಿಗಳ ಚಕ್ರವರ್ತಿಯೇ ಆಗಿದ್ದಾನೆ. ನನ್ನ ಪಕ್ಷಪಾತವೆಲ್ಲ ಹುಲ್ಲು, ಮಣ್ಣು, ಕಡ್ಡಿಗಳಿಂದ ಕಟ್ಟುವ ಗೋದಲಿಯ ಕಡೆಗೆ. ಏಕೆಂದರೆ ಮರವು ಹೋದಲ್ಲೆಲ್ಲ ಮರವಾಗಿಯೇ ಉಳಿದಿದೆ, ಗೋದಲಿಯಾದರೋ ತಾನು ಹೊಕ್ಕ ಊರಿನವರನ್ನೆಲ್ಲ ಒಳಗೆ ಕರೆದು ಕೂರಿಸಿಕೊಂಡಿದೆ.

1223ನೆಯ ಇಸವಿಯ ಕ್ರಿಸ್ಮಸ್ ಇರುಳಿನಲ್ಲಿ, ಇಟಲಿಯ ಗ್ರೆಚ್ಚೋ ಎಂಬ ಬೆಟ್ಟದೂರಿನಲ್ಲಿ, ಅಸ್ಸಿಸಿಯ ಸಂತ ಫ್ರಾನ್ಸಿಸನು ಹುಲ್ಲು ತುಂಬಿದ ಗೋದಲಿಯೊಂದನ್ನು ಇರಿಸಿ, ಅದರ ಬಳಿ ಜೀವಂತವಾದ ಎತ್ತನ್ನೂ ಕತ್ತೆಯನ್ನೂ ಕಟ್ಟಿಸಿ, ಪಂಜು ಹಿಡಿದು ಬಂದ ಗ್ರಾಮಸ್ಥರ ಸಮಕ್ಷಮದಲ್ಲಿ ಪೂಜೆಯನ್ನು ನಡೆಯಿಸಿದನು. ಲೂಕನ ಸುವಾರ್ತೆಯಲ್ಲಿ ಶಿಶುವನ್ನು ಗೋದಲಿಯಲ್ಲಿ ಮಲಗಿಸಿದ ಮಾತುಂಟೇ ಹೊರತು ಎತ್ತು ಕತ್ತೆಗಳ ಸುಳಿವಿಲ್ಲ. ಆದರೂ ಅವೆರಡಿಲ್ಲದ ಗೋದಲಿಯನ್ನು ಇಂದು ಯಾರು ಒಪ್ಪಿಯಾರು? ಫ್ರಾನ್ಸಿಸನ ಚರಿತ್ರೆಯನ್ನು ಬರೆದ ಚೆಲಾನೊದ ಥಾಮಸನು ಇನ್ನೊಂದು ಮಾತನ್ನು ಸೇರಿಸುತ್ತಾನೆ: ಆ ಹುಲ್ಲನ್ನು ಜೋಪಾನವಾಗಿ ಎತ್ತಿಟ್ಟು, ಸುತ್ತಣ ಸೀಮೆಯವರು ತಮ್ಮ ರೋಗಪೀಡಿತ ದನಗಳಿಗೆ ತಿನ್ನಿಸಿ ಗುಣ ಕಂಡರಂತೆ. ಉಪದೇಶಕ್ಕಿಂತ ಈ ಹುಲ್ಲೇ ರೈತರ ನೆನಪಿನಲ್ಲಿ ಹೆಚ್ಚು ಕಾಲ ಉಳಿದಿದ್ದರೆ ಆಶ್ಚರ್ಯವಿಲ್ಲ.

ಹದಿನೆಂಟನೆಯ ಶತಮಾನದ ನೇಪಲ್ಸಿಗೆ ಬರುವ ಹೊತ್ತಿಗೆ ಸುಟ್ಟಮಣ್ಣಿನ ತಲೆ, ತಂತಿಗೆ ನಾರು ಸುತ್ತಿದ ಮೈ, ರೇಷ್ಮೆಯ ಉಡುಪುಗಳ ಗೊಂಬೆಗಳು ಕಿಕ್ಕಿರಿದು, ಪಕ್ಕದಲ್ಲಿ ಪಾನಗೃಹವೂ ಮೀನಂಗಡಿಯೂ ಎದ್ದು, ಆ ಸಂತೆಯಲ್ಲಿ ಶಿಶುವನ್ನೇ ಹುಡುಕಬೇಕಾಯಿತು. ಫ್ರಾನ್ಸಿನಲ್ಲಿ ಮಹಾಕ್ರಾಂತಿಯ ಕಾಲಕ್ಕೆ ಚರ್ಚುಗಳು ಮುಚ್ಚಿಹೋಗಲು, ಮಾರ್ಸೇಲಿನ ಝಾನ್ ಲೂಯಿ ಲಾನ್ಯೆಲ್ ಎಂಬ ಶಿಲ್ಪಿಯು ಅಚ್ಚಿನಲ್ಲಿ ಒತ್ತಿ ತೆಗೆದ ಅಗ್ಗದ ಪುಟ್ಟ ಮಣ್ಣಿನ ಗೊಂಬೆಗಳು ಸಾಮಾನ್ಯರ ಮನೆಗಳನ್ನು ಹೊಕ್ಕವು. 1803ರಲ್ಲಿ ಅವುಗಳಿಗಾಗಿಯೇ ಅಲ್ಲಿ ಒಂದು ಜಾತ್ರೆಯೂ ಮೊದಲಾಯಿತು. ಹಿಟ್ಟಿನ ಗಿರಣಿಯವನು, ಸಾಣೆ ಹಿಡಿಯುವವನು, ಬೆಳ್ಳುಳ್ಳಿ ಮಾರುವವಳು, ಊರಿನ ಮೇಯರು, ಇವರೆಲ್ಲ ಬೆತ್ಲೆಹೇಮಿನ ದಾರಿ ಹಿಡಿದರು.

ಬಾಲ್ಯದಲ್ಲಿ ನಾವು ಮಂಗಳೂರಿನಲ್ಲಿದ್ದಾಗ ನೆರೆಮನೆಯ ಬಾಯಮ್ಮನವರು ಡಿಸೆಂಬರಿನ ನಡುವಿಗೆ ಸರಿಯಾಗಿ ಗೆರಟೆಗಳಲ್ಲಿ ಭತ್ತ ಬಿತ್ತುತ್ತಿದ್ದರು. ಹಬ್ಬದ ಹೊತ್ತಿಗೆ ಗೇಣುದ್ದದ ಹಸುರು ಎದ್ದು ಗೋದಲಿಯ ಮುಂದೆ ಗದ್ದೆಯಾಗುತ್ತಿತ್ತು. ಬಾಲಯೇಸುವಿನ ಗೊಂಬೆ ಮಾತ್ರ ಅರಳೆಯಲ್ಲಿ ಸುತ್ತಿಕೊಂಡು ಕಪಾಟಿನೊಳಗೆ ಕಾದಿರುವುದು. ನಡುರಾತ್ರಿಯ ಪೂಜೆ ಮುಗಿಯುವವರೆಗೂ ತೊಟ್ಟಿ ಬರಿದು. ಒಂದು ವರ್ಷ ಕುರುಬರ ಗೊಂಬೆಗಳೆರಡು ಒಡೆದುಹೋಗಿರಲು, ಮೈಸೂರು ಸೀಮೆಯವಳಾದ ನನ್ನ ತಾಯಿ ದಸರೆಯ ಪೆಟ್ಟಿಗೆಯಿಂದ ಶೆಟ್ಟಿ-ಶೆಟ್ಟಮ್ಮರ ಜೋಡಿಯನ್ನು ತೆಗೆದುಕೊಟ್ಟಳು. ಕುರುಬರಿಗೆ ಬದಲಾಗಿ ಡೊಳ್ಳುಹೊಟ್ಟೆಯ ಶೆಟ್ಟಿ! ತಾಯಿಗೇ ಸಂಕೋಚವಾಗಿ, "ಇವನು ಅಲ್ಲಿಗೆ ಸರಿಹೋಗ್ತಾನೆಯೇ ಬಾಯಮ್ಮ?" ಎಂದು ಕೇಳಿದಳು. "ಯಾಕೆ ಅಮ್ಮ? ಅಷ್ಟು ದೂರದಿಂದ ರಾಜರೆಲ್ಲ ಬರ್ತಾರೆ, ಅಕ್ಕಿಬೇಳೆ ಕೊಡ್ಲಿಕ್ಕೆ ಒಬ್ಬ ಬೇಡವಾ?" ಎಂದು ಅವರು ಒಂಟೆಗಳ ಪಕ್ಕದಲ್ಲಿಯೇ ಅಂಗಡಿ ಹೂಡಿಸಿದರು. ಜನವರಿಯಲ್ಲಿ ದಂಪತಿಗಳು ಮರಳಿದಾಗ ಜೊತೆಯಲ್ಲಿ ಒಂದು ತಟ್ಟೆ ನೆವ್ರಿಯೂ ಬಂದಿತು.

ಶೆಟ್ಟಿಯ ಪ್ರವೇಶದಿಂದ ಮುನಿಯುವವರಿದ್ದರೆ ಅವರು ಸ್ಪೇನಿನ ಕೆಟಲೋನಿಯದ ಗೋದಲಿಯನ್ನು ನೋಡದಿರುವುದೇ ಲೇಸು. ಅಲ್ಲಿ ಮೂಲೆಯ ಪೊದೆಯ ಮರೆಯಲ್ಲಿ, ಕೆಂಪು ಟೊಪ್ಪಿಗೆಯ ರೈತನೊಬ್ಬನು ಷರಾಯಿ ಇಳಿಸಿ ಬಹಿರ್ದೆಸೆಗೆ ಕುಳಿತಿರುತ್ತಾನೆ. ನೆಲಕ್ಕೆ ಗೊಬ್ಬರ ಬಿದ್ದರಲ್ಲವೇ ಮುಂದಿನ ವರ್ಷದ ಬೆಳೆ ಎಂಬುದು ಅಲ್ಲಿಯವರ ಸಮಾಧಾನ. 2005ರಲ್ಲಿ ಬಾರ್ಸಿಲೋನಾದ ನಗರಸಭೆಯು ತನ್ನ ಸಾರ್ವಜನಿಕ ಗೋದಲಿಯಿಂದ ಈ ಮಹಾಶಯನನ್ನು ಕೈಬಿಡಲು, ಪೌರರು ಎಬ್ಬಿಸಿದ ಗದ್ದಲಕ್ಕೆ ಮಣಿದು ಮರುವರ್ಷವೇ ಅವನನ್ನು ಸ್ವಸ್ಥಾನದಲ್ಲಿ ಕುಳ್ಳಿರಿಸಬೇಕಾಯಿತು.