ಒಂದು ಲೋಟ ಹಾಲಿನ ಲೆಕ್ಕ

ನಮ್ಮ ಮನೆಯಲ್ಲಿ ಇತ್ತೀಚಿನವರೆಗೂ ಅರ್ಜಿ ಎಂದರೆ ಎರಡೇ ಬಗೆ. ಒಂದು ನನ್ನ ರಜಾ ಅರ್ಜಿ, ಇನ್ನೊಂದು ವರ್ಗಾವಣೆಯ ಅರ್ಜಿ. ಹೇಳಿ ಕೇಳಿ ನಾನು ಬಿ.ಎ., ಬಿ.ಇಡಿ. ಮಾಡಿದ ಸರ್ಕಾರಿ ಶಾಲೆಯ ಮೇಡಮ್ಮು. 28 ವರ್ಷಗಳಲ್ಲಿ ಮುಳಬಾಗಿಲು, ಮಾಲೂರು, ಶ್ರೀನಿವಾಸಪುರ, ಈಗ ಕೋಲಾರ ಎಂದು ನಾಲ್ಕು ತಾಲ್ಲೂಕುಗಳ ಕೊಳವೆಬಾವಿಯ ನೀರು ಕುಡಿದವಳು. 'ಮಾನ್ಯರೇ' ಎಂದು ಶುರುಮಾಡಿ 'ತಮ್ಮ ವಿಧೇಯಳು' ಎಂದು ಮುಗಿಸಿದರೆ ನನ್ನ ಅರ್ಜಿ ಮುಗಿಯಿತು. ನಡುವೆ ಇರುವುದನ್ನು ಯಾರೂ ಅಷ್ಟಾಗಿ ಓದುವುದಿಲ್ಲ.

2025ರ ದಸರಾ ರಜೆಯಲ್ಲಿ ಮಗಳು ಮೂರನೆಯ ಬಗೆಯ ಅರ್ಜಿಯೊಂದನ್ನು ಮನೆಗೆ ತಂದಳು. ಬಿ.ಎ. ಮುಗಿಸಿದ್ದಾಳೆ. ಮುಂದೆ ಬೆಂಗಳೂರಿನಲ್ಲಿ ಎಂ.ಎ. ಮಾಡಬೇಕಂತೆ. ವಿಷಯ ಡೇಟಾ ಅನಾಲಿಟಿಕ್ಸ್ ಮತ್ತು ಸಮಾಜ ವಿಜ್ಞಾನ.

"ಸಮಾಜ ವಿಜ್ಞಾನ ಗೊತ್ತು. ನಾನು ಪಾಠ ಮಾಡೋದೇ ಅದು. ಆ ಇನ್ನೊಂದು ಏನೇ?" ಎಂದೆ.

"ಅಂಕಿ ಅಂಶ ಇಟ್ಕೊಂಡು ಜನರ ಬದುಕನ್ನ ಅರ್ಥ ಮಾಡ್ಕೊಳ್ಳೋದಮ್ಮ."

ಪೇಪರು ಓದುತ್ತಿದ್ದ ನಮ್ಮ ಯಜಮಾನರು ತಲೆಯೆತ್ತಲಿಲ್ಲ. "ಜನರ ಲೆಕ್ಕ ತಗೊಳ್ಳೋ ಕೆಲಸ ನಿಮ್ಮಮ್ಮ ಎಷ್ಟೋ ಸಲ ಮಾಡಿದಾಳೆ. ಅವಳಿಗೆ ಗೌರವಧನ ಕೊಟ್ಟರು. ನೀನು ಯಾಕಮ್ಮ ಫೀಜು ಕಟ್ಟಿ ಮಾಡ್ತೀಯ?" ಎಂದರು.

ಮಾತು ತಮಾಷೆಯದಾದರೂ ಸುಳ್ಳಲ್ಲ. ಈ ನಾಡಿನಲ್ಲಿ ಜನರನ್ನು ಎಣಿಸುವ ಕೆಲಸ ಬಂದಾಗಲೆಲ್ಲ ಮೊದಲು ನೆನಪಾಗುವುದು ಮೇಷ್ಟ್ರು, ಮೇಡಮ್ಮುಗಳೇ. 2011ರ ಜನಗಣತಿಗೆ ಹೋದೆವು. 2015ರ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಹೋದೆವು. ಈ ಅರ್ಜಿ ಮನೆಗೆ ಬಂದ ಹೊತ್ತಿಗೆ, 2025ರ ಸೆಪ್ಟೆಂಬರ್ 22ರಿಂದ ಶುರುವಾಗಿದ್ದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಯಲ್ಲಿ ನಾನು ದಿನವೂ ಬೀದಿ ಸುತ್ತುತ್ತಿದ್ದೆ. ಒಂದೊಂದು ಮನೆಗೂ 60 ಪ್ರಶ್ನೆ, ಎಲ್ಲವೂ ಮೊಬೈಲಿನಲ್ಲಿ. ಸಿಗ್ನಲ್ ಸಿಗದಿದ್ದರೆ ಮಹಡಿ ಹತ್ತಬೇಕು. ಸಂಜೆ ಮನೆಗೆ ಬಂದು ಬಿಸಿನೀರಿನಲ್ಲಿ ಕಾಲಿಟ್ಟು ಕುಳಿತರೆ, ಎದುರಿಗೆ ಮಗಳು ಲ್ಯಾಪ್‌ಟಾಪ್ ಮುಂದೆ ತಲೆ ಮೇಲೆ ಕೈಹೊತ್ತು ಕುಳಿತಿರುತ್ತಿದ್ದಳು.

ಅವಳ ಕಷ್ಟ ಬೇರೆ. ಈ ಅರ್ಜಿಯಲ್ಲಿ ನಡುವಿನದೇ ಮುಖ್ಯವಂತೆ. ಅಂಕಪಟ್ಟಿ, ಇಬ್ಬರು ಅಧ್ಯಾಪಕರ ಶಿಫಾರಸು ಪತ್ರ, ಇವುಗಳ ಜೊತೆಗೆ ತಾನು ಇದನ್ನೇ ಏಕೆ ಓದಬೇಕು ಎಂದು ಎರಡು ಪುಟ ಬರೆಯಬೇಕು. ಮೊದಲ ಸಲ ಬರೆದದ್ದನ್ನು ಕನ್ನಡದಲ್ಲಿ ಹೇಳಿ ತೋರಿಸಿದಳು. 'ಬಾಲ್ಯದಿಂದಲೂ ನನಗೆ ಅಂಕಿ ಅಂಶಗಳಲ್ಲಿ ಅಪಾರ ಆಸಕ್ತಿ' ಎಂದು ಶುರುವಾಗಿತ್ತು. ಏಳರ ಮಗ್ಗಿ ಬಾರದೆ ಸೆರಗು ಹಿಡಿದು ಅತ್ತ ಹುಡುಗಿ ಇವಳು! ಕೇಳಿದರೆ, ಅದನ್ನು ಬರೆದುಕೊಟ್ಟದ್ದು ಕಂಪ್ಯೂಟರಂತೆ.

"ಕಂಪ್ಯೂಟರ್ ನಿನ್ನ ಬಾಲ್ಯ ನೋಡಿಲ್ಲ, ನಾನು ನೋಡಿದೀನಿ. ನಿನಗೆ ನಿಜವಾಗಿ ನೆನಪಿರೋದನ್ನ ಬರಿ" ಎಂದೆ. ಮಕ್ಕಳಿಗೆ ಪ್ರಬಂಧ ಬರೆಸುವಾಗ ಹೇಳುವ ಮಾತನ್ನೇ ಹೇಳಿದ್ದು. ಅದು ತಿರುಗಿ ನನ್ನ ಮೇಲೆಯೇ ಬರುತ್ತದೆಂದು ತಿಳಿದಿರಲಿಲ್ಲ.

ಎರಡು ದಿನ ಬಿಟ್ಟು ಕೇಳಿದಳು. "ಅಮ್ಮ, ಜನಗಣತಿಗೆ ಹೋದಾಗ ಒಂದು ಭಾನುವಾರ ನನ್ನನ್ನೂ ಕರ್ಕೊಂಡು ಹೋಗಿದ್ದೆಯಲ್ಲ, ನೆನಪಿದೆಯಾ?"

ನೆನಪಿತ್ತು. 2011ರ ಫೆಬ್ರವರಿ. ಆಗ ನಾನು ಶ್ರೀನಿವಾಸಪುರದ ಕಡೆ ಇದ್ದೆ. ಮಾವಿನ ತೋಪುಗಳೆಲ್ಲ ಹೂ ಬಿಟ್ಟಿದ್ದ ಕಾಲ. ಮಗಳಿಗೆ ಏಳು ವರ್ಷ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ, ತಪ್ಪೆಂದು ತಿಳಿದೇ, ಜೊತೆಯಲ್ಲಿ ಕರೆದೊಯ್ದು ಜಗಲಿಯ ಮೇಲೆ ಕೂರಿಸಿದ್ದೆ. 29 ಪ್ರಶ್ನೆಗಳ ಹಾಳೆ. ನಮ್ಮ ಕಡೆ ಎಷ್ಟೋ ಊರುಗಳಲ್ಲಿ ಮನೆಮಾತು ತೆಲುಗು, ಹಾಗಾಗಿ ಪ್ರಶ್ನೆಯೂ ತೆಲುಗಿನಲ್ಲೇ. "ಏನು ಕೆಲಸ ಮಾಡ್ತೀಯಮ್ಮ?" ಎಂದು ಕೇಳಿದರೆ ಆ ಹೆಂಗಸು ನಕ್ಕು, "ಏಮೀ ಲೇದು ಟೀಚರಮ್ಮಾ, ಇಂಟ್ಲೋನೇ ಉಂಟಾನು" ಎಂದಳು. ಏನೂ ಇಲ್ಲ, ಮನೆಯಲ್ಲೇ ಇರುತ್ತೇನೆ ಎಂದು. ನಾನು ಕೆಲಸವಿಲ್ಲವೆಂದು ಗುರುತು ಹಾಕಿ, ಮನೆಗೆಲಸ ಎಂದು ತುಂಬಿ, ಮುಂದಿನ ಮನೆಗೆ ನಡೆದೆ.

"ಆಯಮ್ಮ ನನಗೆ ಒಂದು ಲೋಟ ಹಾಲು ಕೊಟ್ಟಿದ್ರು ಅಮ್ಮ. ಆಗತಾನೇ ಕರೆದದ್ದು, ಬೆಚ್ಚಗಿತ್ತು. ಡೈರಿಗೆ ಹಾಕೋ ಕ್ಯಾನು ಪಕ್ಕದಲ್ಲೇ ಇತ್ತು. ನೀನು ಕೆಲಸ ಇಲ್ಲ ಅಂತ ಬರ್ಕೊಂಡೆ. ಅದನ್ನೇ ಬರೀಲಾ?"

ನನಗೆ ಸರ್ರನೆ ಸಿಟ್ಟು ಬಂತು. ಅವಳು ಹೇಳಿದ್ದನ್ನೇ ತಾನೆ ನಾನು ಬರೆದದ್ದು? ಬೆಂಗಳೂರಿನ ಪ್ರೊಫೆಸರುಗಳ ಮುಂದೆ ಹೆತ್ತ ತಾಯಿಯ ತಪ್ಪನ್ನು ಹರಡಿ ಸೀಟು ಕೇಳುವುದು ಯಾವ ನ್ಯಾಯ? ಆ ರಾತ್ರಿ ನಾನು ಅವಳೊಡನೆ ಮಾತಾಡಲಿಲ್ಲ.

ಆದರೆ ನಿದ್ದೆ ಬರಲಿಲ್ಲ. ತರಬೇತಿಯಲ್ಲಿ ಹೇಳಿದ್ದು ಒಂದೊಂದಾಗಿ ನೆನಪಿಗೆ ಬಂತು. ಸ್ವಂತ ಹೊಲದಲ್ಲಿ, ಮನೆಯ ಕಸುಬಿನಲ್ಲಿ ಸಂಬಳವಿಲ್ಲದೆ ದುಡಿದರೂ ಅದು ಕೆಲಸ. ಹಾಲನ್ನು ಮನೆಯ ಬಳಕೆಗೆಂದೇ ಉತ್ಪಾದಿಸಿದರೂ ಅದು ಕೆಲಸ. ಜನಗಣತಿಯ ನಿಯಮವೇ ಹಾಗಿತ್ತು. ಆಕೆ 'ಏನೂ ಇಲ್ಲ' ಎಂದರೂ ಇನ್ನೆರಡು ಪ್ರಶ್ನೆ ಕೇಳಿ ತಿಳಿಯಬೇಕಾದವಳು ನಾನು. ಅಂದು ಇನ್ನೂ ಎಷ್ಟೋ ಮನೆ ಬಾಕಿ ಇದ್ದವು. ಕೇಳಲಿಲ್ಲ.

ಆ ಜನಗಣತಿಯ ಪ್ರಕಾರ ದೇಶದ ಗಂಡಸರಲ್ಲಿ ದುಡಿಯುವವರು ನೂರಕ್ಕೆ 53, ಹೆಂಗಸರಲ್ಲಿ 25.5. ಇದನ್ನು ನಾನೇ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದು ಮಕ್ಕಳಿಂದ ಬರೆಸಿದ್ದೇನೆ. ಆ ಅಂಕಿಯೊಳಗೆ ನನ್ನ ಕೈಬರಹವೂ ಇದೆ ಎಂದು ಒಂದು ದಿನವೂ ಹೊಳೆದಿರಲಿಲ್ಲ. 2019ರಲ್ಲಿ ಕೇಂದ್ರದ ಅಂಕಿಅಂಶ ಕಚೇರಿ ಜನ ತಮ್ಮ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಕೇಳಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 97 ನಿಮಿಷ ಎಂದು ತಿಳಿಯಿತು. ಪ್ರಶ್ನೆ ಬದಲಾದರೆ ಉತ್ತರವೂ ಬದಲಾಗುತ್ತದೆ, ನೋಡಿ.

ಮರುದಿನ ಸಮೀಕ್ಷೆಗೆ ಹೋದಾಗ ಉದ್ಯೋಗದ ಪ್ರಶ್ನೆ ಬಂದಲ್ಲಿ ಬೇರೆ ರೀತಿ ಕೇಳಿದೆ. "ಬೆಳಿಗ್ಗೆ ಎದ್ದು ಮೊದಲು ಏನು ಮಾಡ್ತೀಯಮ್ಮ? ಆಮೇಲೆ?" ಒಬ್ಬಳು ಟೊಮೆಟೊ ಬಿಡಿಸಲು ಹೋಗುತ್ತಾಳೆ. ಒಬ್ಬಳು ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಒಬ್ಬಳು ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಾಳೆ. ಮೂವರೂ ಮೊದಲು ಹೇಳಿದ್ದು 'ಏನೂ ಇಲ್ಲ' ಎಂದೇ. ಆ ದಿನ ನನ್ನ ಮನೆಗಳ ಸಂಖ್ಯೆ ಕಡಿಮೆಯಾಯಿತು. ಆಗಲಿ ಎಂದುಕೊಂಡೆ.

ಸಂಜೆ ಮಗಳು ತಾನಾಗಿಯೇ ಬಂದು ಕುಳಿತಳು. ಬಿ.ಎ.ಯಲ್ಲಿ ಓದಿದ ಒಂದು ಸಂಗತಿ ಹೇಳಿದಳು. ನಮ್ಮ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು ಒಂದು ಹಳ್ಳಿಯಲ್ಲಿದ್ದು ವಿವರ ಕಲೆಹಾಕಿದ್ದರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿ ಬಿದ್ದು, ವರ್ಷಗಟ್ಟಲೆ ಕೂತು ಸಿದ್ಧಪಡಿಸಿದ್ದ ಟಿಪ್ಪಣಿಗಳು ಸುಟ್ಟುಹೋದವು. ಅವರು ನೆನಪಿನಿಂದಲೇ ಆ ಹಳ್ಳಿಯ ಬಗ್ಗೆ ಪುಸ್ತಕ ಬರೆದರು. ಅದು 1976ರಲ್ಲಿ ಪ್ರಕಟವಾಯಿತು.

"ಅವರ ಕಾಗದ ಹೋಯ್ತು, ನೆನಪು ಉಳೀತು. ಆ ಮನೆಯದು ಕಾಗದ ಉಳಿದಿದೆ, ಆಯಮ್ಮ ಮಾತ್ರ ಅದರಲ್ಲಿಲ್ಲ. ಅದಕ್ಕೇ ನಾನು ಲೆಕ್ಕ ಕಲೀಬೇಕು ಅನ್ನಿಸಿದ್ದು ಅಮ್ಮ. ಆದ್ರೆ ನಿನಗೆ ಬೇಜಾರಾದ್ರೆ ಬರೆಯಲ್ಲ."

ನನಗೆ ಬಿ.ಎ. ಆದಮೇಲೆ ಎಂ.ಎ. ಓದುವ ಆಸೆಯಿತ್ತು. ಬೇಗ ಕೆಲಸ ಸಿಗಲೆಂದು ಬಿ.ಇಡಿ.ಗೆ ಸೇರಿಸಿದರು. ಆ ಕಾಲದಲ್ಲಿ ಏಕೆ ಓದಬೇಕೆಂದು ಎರಡು ಪುಟ ಬರೆಯಲು ಯಾರಾದರೂ ನನಗೆ ಹೇಳಿದ್ದರೆ ಏನು ಬರೆಯುತ್ತಿದ್ದೆನೋ. ಇಷ್ಟು ಗಟ್ಟಿಯಾದ ಕಾರಣವಂತೂ ನನ್ನಲ್ಲಿರಲಿಲ್ಲ.

"ಬರಿ" ಎಂದೆ. "ಆದರೆ ಆಯಮ್ಮನ ಹೆಸರು, ಊರು ಬೇಡ. ಗಣತಿಯಲ್ಲಿ ಕೇಳಿದ್ದನ್ನ ಹೊರಗೆ ಹೇಳಬಾರದು ಅಂತ 1948ರಿಂದ ಕಾನೂನೇ ಇದೆ. ಬರೆದವಳು ನಿನ್ನ ತಾಯಿ ಅಂತ ಬೇಕಾದರೆ ಹಾಕು."

ಅರ್ಜಿ ಹೋಯಿತು. ಸೀಟು ಸಿಗುತ್ತದೋ ಇಲ್ಲವೋ, ಈ ಪುಟ ಬರೆಯುವ ಹೊತ್ತಿಗೆ ಇನ್ನೂ ಗೊತ್ತಾಗಿಲ್ಲ. ಮುಂದಿನ ಜನಗಣತಿ 2027ಕ್ಕೆ ಎಂದು ಪ್ರಕಟವಾಗಿದೆ. ಕರೆದರೆ ಅದಕ್ಕೂ ಹೋಗುತ್ತೇನೆ.

ಕಳಿಸುವ ಮುಂಚೆ ಅವಳು ಆ ಎರಡು ಪುಟಗಳನ್ನು ನನಗೆ ಓದಿ ಹೇಳಿದಳು. ನಾನು ತಿದ್ದಿಸಿದ್ದು ಒಂದೇ ಕಡೆ. ಆ ಮನೆಯ ಕೊಟ್ಟಿಗೆಯಲ್ಲಿ ಒಂದು ಹಸುವಿತ್ತು ಎಂದು ಬರೆದಿದ್ದಳು. ಒಂದಲ್ಲ, ಎರಡಿದ್ದವು. ಒಂದು ಕರೆಯುವುದು, ಇನ್ನೊಂದು ಗಬ್ಬದ್ದು. ಹಾಳೆ ತುಂಬುತ್ತಾ ನಿಂತಾಗ ನಾನು ಅವನ್ನು ಚೆನ್ನಾಗಿಯೇ ನೋಡಿದ್ದೆ.