ಮಾಸಿದ ಬಣ್ಣಕ್ಕೆ ಕೊಟ್ಟ ದುಡ್ಡು

ಹಳೆಯ ಫೆಂಡರ್ ಬಾಸ್ ಗಿಟಾರ್ ನೋಡಲು ಹೊರಟವರು ನನ್ನನ್ನು ಕೇಳಿದರೆ, ಜೇಬಿನಲ್ಲಿ ಒಂದು ಸ್ಕ್ರೂಡ್ರೈವರ್ ಇರಲಿ ಎನ್ನುತ್ತೇನೆ. ನುಡಿಸಿ ನೋಡುವುದೆಲ್ಲ ಆಮೇಲೆ. ಬಿಚ್ಚಿ ನೋಡಲು ಬಿಡದವರ ಹತ್ತಿರ ಹಳೆಯ ವಾದ್ಯ ಕೊಳ್ಳಲೇಬೇಡಿ. ಇಷ್ಟು ಬುದ್ಧಿ ಬರುವುದಕ್ಕೆ ನನ್ನ ಸಾವಿರದ ಆರುನೂರು ಡಾಲರ್ ಕೈಬಿಟ್ಟಿದೆ.

ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ. ಇಲ್ಲಿನ ಕನ್ನಡ ಕೂಟದ ವಾದ್ಯವೃಂದದಲ್ಲಿ ಬಾಸ್ ನುಡಿಸುತ್ತೇನೆ. ಯುಗಾದಿ, ರಾಜ್ಯೋತ್ಸವ ಬಂದರೆ ಚಿತ್ರಗೀತೆಗಳು. 1981ರ ‘ಗೀತಾ’ ಚಿತ್ರಕ್ಕೆ ಇಳಯರಾಜಾ ಮಾಡಿದ ಹಾಡುಗಳಲ್ಲಿ ಬಾಸ್ ಹಿಂದೆ ಕೂತು ತಾಳ ಕಾಯುವುದಿಲ್ಲ, ಹಾಡುವವರ ಜೊತೆಗೇ ಓಡಾಡುತ್ತದೆ. ಅವನ್ನು ನುಡಿಸಲು ಎಪ್ಪತ್ತರ ದಶಕದ ಫೆಂಡರ್ ಪ್ರಿಸಿಷನ್ ಬಾಸೇ ಆಗಬೇಕು ಅಂತ ತಲೆಗೆ ಹೊಕ್ಕಿತು. ಆಗಬೇಕಿರಲಿಲ್ಲ. ಆಸೆ ಹುಟ್ಟಿದ ಮೇಲೆ ಕಾರಣಕ್ಕೇನು ಬರ?

ಪ್ರಿಸಿಷನ್ ಹುಟ್ಟಿದ್ದು ಇದೇ ರಾಜ್ಯದ ಫುಲರ್ಟನ್ ಊರಿನಲ್ಲಿ, 1951ರಲ್ಲಿ. 1965ರ ಜನವರಿಯಲ್ಲಿ ಲಿಯೋ ಫೆಂಡರ್ ತಮ್ಮ ಕಂಪನಿಯನ್ನು 1.3 ಕೋಟಿ ಡಾಲರ್‌ಗೆ ಪ್ರಸಾರ ಸಂಸ್ಥೆ ಸಿಬಿಎಸ್‌ಗೆ ಮಾರಿದರು. ಅದಕ್ಕೂ ಹಿಂದಿನ ಬಾಸ್‌ಗಳನ್ನು ಸಂಬಳದವರು ಮುಟ್ಟುವಂತಿಲ್ಲ. ಆಮೇಲಿನವು ಕಷ್ಟಪಟ್ಟರೆ ಎಟುಕುತ್ತವೆ.

ನನಗೆ ಸಿಕ್ಕಿದ್ದು ಒಬ್ಬ ಹಿರಿಯರ ಮನೆಯಲ್ಲಿ. 1972ರದ್ದು, ಎಲ್ಲ ಒರಿಜಿನಲ್, ಬಾರ್‌ಗಳಲ್ಲಿ ನುಡಿಸಿದ ವಾದ್ಯ ಎಂದರು. ಮುಂಗೈ ಊರುವ ಜಾಗದಲ್ಲಿ ಸನ್‌ಬರ್ಸ್ಟ್ ಬಣ್ಣ ಪೂರ್ತಿ ಹೋಗಿ ಮರ ಕಾಣುತ್ತಿತ್ತು. ಆ ಬೋಳು ಜಾಗದ ಸುತ್ತ ಬಣ್ಣ ತೆಳುವಾಗುತ್ತ ತೆಳುವಾಗುತ್ತ ಮರದಲ್ಲೇ ಕರಗಿಹೋಗಿತ್ತು. ಅದಕ್ಕೇ ನಾನು ಮರುಳಾದದ್ದು. ಎಷ್ಟು ರಾತ್ರಿ ಆ ಕೈ ಅಲ್ಲಿ ಉಜ್ಜಿರಬೇಕು ಅಂತ ಲೆಕ್ಕ ಹಾಕುತ್ತ ಕೂತೆ. ಹಾಕಬೇಕಾಗಿದ್ದ ಲೆಕ್ಕ ಬೇರೆಯೇ ಇತ್ತು. ಅವರು ಹೇಳಿದ್ದು 3,300. ಮೊಬೈಲ್ ತೆಗೆದು ನೋಡಿದರೆ ಅದೇ ಕಾಲದವಕ್ಕೆ 4,500, 5,000 ಎಂದೆಲ್ಲ ಇತ್ತು. ಅಗ್ಗಕ್ಕೆ ಸಿಗುತ್ತಿದೆ ಅಂದುಕೊಂಡೆ. ಅವೆಲ್ಲ ಮಾರುವವರು ಕೇಳುತ್ತಿದ್ದ ಬೆಲೆಗಳು. ಕೇಳಿ ಕೇಳಿ ತಿಂಗಳುಗಟ್ಟಲೆ ಮಾರಾಟವಾಗದೆ ಬಿದ್ದಿರುವವೂ ಅವೇ. ನಿಜವಾಗಿ ಕೈ ಬದಲಾದ ಬೆಲೆ ಬೇರೆ ಕಡೆ ಇರುತ್ತದೆ, ಹುಡುಕಿದರೆ ಸಿಗುತ್ತದೆ. ಹುಡುಕಲಿಲ್ಲ.

ಬಿಚ್ಚಿ ನೋಡೋಣವೇ ಎಂದು ಕೇಳುವ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಆದರೆ ಅಷ್ಟರಲ್ಲಿ ಅವರ ಹೆಂಡತಿ ಕಾಫಿ ತಂದಿಟ್ಟಿದ್ದರು. ಕಾಫಿ ಕುಡಿದು, ಮೊಮ್ಮಕ್ಕಳ ಫೋಟೋ ನೋಡಿ, ಆಮೇಲೆ ‘ನಿಮ್ಮ ಮಾತು ನಿಜವೋ ನೋಡುತ್ತೇನೆ’ ಎಂಬಂತೆ ಸ್ಕ್ರೂ ತಿರುಗಿಸಲು ನಮ್ಮ ಕಡೆಯವರಿಗೆ ಬಾಯಿ ಬರುತ್ತದೆಯೇ? ಮುನ್ನೂರು ಇಳಿಸಿ, ಮೂರು ಸಾವಿರ ಎಣಿಸಿ, ಥ್ಯಾಂಕ್ಸ್ ಹೇಳಿ ಬಂದೆ.

ಮೇಲಿನ ಫ್ರೆಟ್‌ಗಳಲ್ಲಿ ತಂತಿ ಝಿರ್ರೆನ್ನುತ್ತಿತ್ತು ಅಂತ ಗಿಟಾರ್ ರಿಪೇರಿಯವರ ಹತ್ತಿರ ಕೊಟ್ಟೆ. ಅವರು ಮೊದಲು ನೆಕ್ ಕಳಚಿದರು. ಬುಡದಲ್ಲಿ 1972ರ ಮುದ್ರೆ ಇತ್ತು. ನನ್ನ ಮುಖ ಅರಳಿತು. ಆಮೇಲೆ ಪಿಕ್‌ಗಾರ್ಡ್ ಎತ್ತಿ, ದನಿ ಏರಿಸಿ ಇಳಿಸುವ ವಾಲ್ಯೂಮ್ ಪಾಟ್‌ನ ಬೆನ್ನಿಗೆ ಟಾರ್ಚ್ ಬಿಟ್ಟರು. ಅಲ್ಲಿ ಕೊರೆದದ್ದು 1377608. ಮೊದಲ ಮೂರು ಅಂಕಿ ತಯಾರಕರದು, 137 ಎಂದರೆ ಸಿಟಿಎಸ್. ಮುಂದಿನ ಎರಡು ವರ್ಷ, ಕೊನೆಯ ಎರಡು ವಾರ. 1976ರ ಎಂಟನೇ ವಾರ. ಪಾಟ್‌ಗಳನ್ನು ಕಾರ್ಖಾನೆಯವರು ರಾಶಿಗಟ್ಟಲೆ ಕೊಂಡು ಇಡುತ್ತಿದ್ದರು, ಹಾಗಾಗಿ ಗಿಟಾರ್‌ಗಿಂತ ಹಳೆಯ ಪಾಟ್ ಇದ್ದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಗಿಟಾರ್‌ಗಿಂತ ಹೊಸದು ಇದ್ದರೆ ಯಾರೋ ಒಳಗೆ ಕೈ ಹಾಕಿದ್ದಾರೆ ಅಂತಲೇ ಅರ್ಥ. ಬೆಸುಗೆಯೂ ಹಾಗೇ ಹೇಳುತ್ತಿತ್ತು: ಹಳೆಯ ಬೆಸುಗೆಯ ಮೇಲೆ ಇನ್ನೊಂದು ಗಂಟು, ಸುತ್ತ ಸುಟ್ಟ ಕಲೆ.

ಅವರು ಬಾಡಿಯನ್ನು ಕಿಟಕಿಗೆ ಓರೆಯಾಗಿ ಹಿಡಿದು, ಬ್ರಿಡ್ಜ್ ಹತ್ತಿರ ನೋಡಿ ಎಂದರು. ಬೆಳಕು ಜಾರಿದಾಗ ಹೊಳಪಿನ ಕೆಳಗೆ ಉದ್ದನೆಯದೊಂದು ಚೌಕಟ್ಟು ಕೂದಲೆಳೆಯಷ್ಟು ತಗ್ಗಾಗಿ ಕಂಡಿತು. ಯಾರೋ ಅಲ್ಲಿ ಮರ ಕೊರೆದು ಎರಡನೇ ಪಿಕಪ್ ಹಾಕಿದ್ದರು. ಆ ಕಾಲದಲ್ಲಿ ಅದೊಂದು ಹುಚ್ಚು. ಇನ್ನಾರೋ ಅದನ್ನು ತೆಗೆದು, ಗುಂಡಿಗೆ ಮರ ತುಂಬಿ, ಗುರುತು ಮುಚ್ಚಲು ಇಡೀ ಬಾಡಿಗೆ ಹೊಸ ಬಣ್ಣ ಹೊಡೆದಿದ್ದರು. ತುಂಬಿದ ಮರ ಕಾಲಕ್ರಮದಲ್ಲಿ ಕುಗ್ಗಿ ಗೆರೆ ಬಿಟ್ಟಿತ್ತು.

ಹಾಗಾದರೆ ನಾನು ಮರುಳಾದ ಸವೆತ? ಫೆಂಡರ್‌ನವರು 1968ರ ಹೊತ್ತಿಗೆ ದಪ್ಪನೆಯ ಪಾಲಿಯೆಸ್ಟರ್ ಬಣ್ಣಕ್ಕೆ ಬಂದಿದ್ದರು. ಅದು ಕೈ ತಾಗಿ ಕರಗುವ ಜಾತಿಯದಲ್ಲ, ಚಕ್ಕೆಚಕ್ಕೆಯಾಗಿ ಏಳುತ್ತದೆ. ಎದ್ದ ಕಡೆ ಅಂಚಿಗೆ ಉಗುರು ಸಿಕ್ಕಿಕೊಳ್ಳುವ ಮೆಟ್ಟಿಲು ನಿಲ್ಲುತ್ತದೆ. ನನ್ನದರ ಅಂಚಿನಲ್ಲಿ ಉಗುರು ನುಣ್ಣಗೆ ಜಾರಿತು. ಆಮೇಲೆ ಹೊಡೆದ ತೆಳು ಲ್ಯಾಕರನ್ನು ಉಪ್ಪುಕಾಗದದಲ್ಲಿ ಉಜ್ಜಿದ್ದು ಅದು. ಹಾಗೆ ನೋಡಿದರೆ ಫೆಂಡರ್ ಕಂಪನಿಯೇ ತೊಂಬತ್ತರ ದಶಕದಿಂದ ಹೊಸ ಗಿಟಾರ್‌ಗಳನ್ನು ಸವೆಸಿ, ಹೆಚ್ಚು ಬೆಲೆಗೆ ಮಾರುತ್ತಿದೆ. ಸವೆತದಿಂದ ವಯಸ್ಸು ಹೇಳುವ ಕಾಲ ಹೋಗಿದೆ.

ರಿಪೇರಿಯವರು ಬಿಲ್ಲಿನ ಹಿಂದೆ ಲೆಕ್ಕ ಬರೆದರು. ಏನೂ ಬದಲಾಗದ 1972ರ ಪ್ರಿಸಿಷನ್ ಈಚೆಗೆ ಮಾರಾಟವಾದದ್ದು ಸುಮಾರು 3,600ಕ್ಕೆ. ಬಣ್ಣ ಬದಲಾದರೆ ಹೆಚ್ಚುಕಡಿಮೆ ಅರ್ಧ ಹೋಗುತ್ತದೆ, ಇದು ಈ ವ್ಯಾಪಾರದ ರೂಢಿ. ಕೊರೆದ ಗುಂಡಿಯನ್ನೂ ಅದರಲ್ಲೇ ಸೇರಿಸಿಬಿಡೋಣ ಎಂದು ಉದಾರವಾಗಿ 1,800 ಬರೆದರು. ಫ್ರೆಟ್‌ಗಳು ತಂತಿಯ ಕೆಳಗೆ ಹಳ್ಳ ಬಿದ್ದಿದ್ದವು, ಹೊಸದಾಗಿ ಹಾಕಬೇಕು, ಅದಕ್ಕೆ 400. ಉಳಿದದ್ದು 1,400. ಬಾರ್‌ನಲ್ಲಿ ನುಡಿಸಿದ ಇತಿಹಾಸಕ್ಕೆ ಎಷ್ಟು ಕೂಡಿಸುತ್ತೀರಿ ಎಂದೆ, ನಗುವುದಕ್ಕೆ. ಅವರು ನಗದೆ, ಸೊನ್ನೆ ಎಂದರು. ಹೆಸರಾಂತ ಬಾಸ್ ವಾದಕ ಜೇಮ್ಸ್ ಜೇಮರ್ಸನ್‌ನ 1962ರ ಪ್ರಿಸಿಷನ್, 1983ರಲ್ಲಿ ಆತ ಸಾಯುವ ಸ್ವಲ್ಪ ಮುಂಚೆ ಕಳುವಾಯಿತಲ್ಲ, ಅದು ಪುರಾವೆ ಸಮೇತ ಸಿಕ್ಕಿದರೆ ಕತೆಗೆ ಬೆಲೆ ಉಂಟು.

ಮಾರಿದ ಹಿರಿಯರು ಮೋಸ ಮಾಡಿದರು ಎಂದು ನಾನು ಹೇಳಲಾರೆ. ಅವರೂ ಎಂಬತ್ತರ ದಶಕದಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡವರೇ. ಬಹುಶಃ ಅವರೂ ಬಿಚ್ಚಿ ನೋಡಿರಲಿಲ್ಲ.

ಅಂದಹಾಗೆ, ಇದರ ಫಿಂಗರ್‌ಬೋರ್ಡ್ ನಮ್ಮ ಮಲೆನಾಡಿನ ಕಾಡುಗಳಲ್ಲೂ ಬೆಳೆಯುವ ಬೀಟೆ ಜಾತಿಯ ಮರ. ಅಭಿಮಾನಕ್ಕೆ ಸರಿ, ಬೆಲೆಗೆ ಏನೂ ಕೂಡುವುದಿಲ್ಲ. ಬೆಲೆ ಏರಿಸುವುದು ಅರವತ್ತರ ದಶಕದ ಮಧ್ಯದವರೆಗೆ ಬಂದ ಬ್ರೆಜಿಲ್ ಬೀಟೆ. ಅದು 1992ರಿಂದ, ಅಳಿವಿನಂಚಿನ ಜೀವಜಾತಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ. ಅಂಥ ಗಿಟಾರನ್ನು ಅಮೆರಿಕದಿಂದ ಊರಿಗೆ ತರುವವರು ಮೊದಲು ಕಾಗದಪತ್ರ ಮಾಡಿಸಿಕೊಳ್ಳಬೇಕು.

ಬಣ್ಣ ಬದಲಾದ ಬಾಸನ್ನು ಬೇಡ ಎನ್ನುವವನಲ್ಲ ನಾನು. ಸಂಗ್ರಹಕಾರರು ಅವನ್ನು ಮೂಸಿಯೂ ನೋಡುವುದಿಲ್ಲ, ಹಾಗಾಗಿ ನುಡಿಸುವವರಿಗೆ ಅವು ಒಳ್ಳೆಯ ಸರಕು. ಅರ್ಧ ಬೆಲೆಗೆ ಸಿಕ್ಕರೆ ಧಾರಾಳವಾಗಿ ಕೊಳ್ಳಿ. ನೆಕ್ ಕಳಚಿದಾಗ ಬುಡದಲ್ಲಿ ಟ್ರಸ್ ರಾಡ್‌ನ ನಟ್ಟು ಕಾಣುತ್ತದೆ. ಬಾಗಿದ ನೆಕ್ಕನ್ನು ನೇರ ಮಾಡುವುದು ಅದೇ. ಅದು ಇನ್ನೂ ಸ್ವಲ್ಪ ತಿರುಗುವಂತಿರಬೇಕು. ಪೂರ್ತಿ ಬಿಗಿದು ನಿಂತಿದ್ದೂ ನೆಕ್ ಬಾಗಿದ್ದರೆ, ಅದಕ್ಕೆ ಅರ್ಧ ಬೆಲೆಯೂ ಜಾಸ್ತಿ.