ಏಳು ಗಂಟೆಯ ರಾತ್ರಿ

ಏಪ್ರಿಲ್ 6, 2025, ಭಾನುವಾರ

ಫೈರ್ ಶ್ರಿಂಪ್ ಸೀಗಡಿಯ ಜೋಡಿ ಕೊನೆಗೂ ಬಂತು. ರಕ್ತಗೆಂಪು ಮೈ, ಅದರ ಮೇಲೆ ಸುಣ್ಣದ ಚುಕ್ಕಿ, ಬಿಳಿ ಮೀಸೆ, ಬಿಳಿ ಕಾಲು. ಶ್ರೀಲಂಕಾದ ಕಡಲಿನವಂತೆ. ಉಪ್ಪಿನಂಶ ದಿಢೀರನೆ ಬದಲಾದರೆ ಮೀನಿಗಿಂತ ಸೀಗಡಿಗೆ ಅಪಾಯ ಹೆಚ್ಚು. ಹಾಗಾಗಿ ಬಕೆಟ್ಟಿಗೆ ಅಕ್ವೇರಿಯಂ ಟ್ಯಾಂಕಿನ ನೀರನ್ನು ಸಣ್ಣ ಪೈಪಿನಲ್ಲಿ ತೊಟ್ಟುತೊಟ್ಟಾಗಿ ಬಿಡುತ್ತ ಮಧ್ಯಾಹ್ನವೆಲ್ಲ ಕೂತೆ. ಟ್ಯಾಂಕಿಗೆ ಬಿಟ್ಟದ್ದೇ ತಡ, ಎರಡೂ ಕಲ್ಲಿನಡಿ ಮಾಯ. ಸಂಜೆ ರಾಮನವಮಿಯ ಪಾನಕಕ್ಕೆ ಬಂದವರೆಲ್ಲ ಬರೀ ಕಲ್ಲು ನೋಡಿ ಹೋದರು. ನಮ್ಮ ಮನೆಯವರು ಬೆಲೆ ಕೇಳಿದರು. ಹೇಳಲಿಲ್ಲ.

ಏಪ್ರಿಲ್ 11

ಹತ್ತಕ್ಕೆ ಟ್ಯಾಂಕಿನ ಲೈಟು ಆರುತ್ತದೆ. ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಂಡು ಕಾದೆ. ಕೆಂಪು ಬೆಳಕು ಇವಕ್ಕೆ ಅಷ್ಟಾಗಿ ಕಾಣುವುದಿಲ್ಲ. ಮೊದಲು ಮೀಸೆ ಹೊರಬಂತು, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಹನ್ನೊಂದೂವರೆ ಹೊತ್ತಿಗೆ ಎರಡೂ ಹೊರಗೆ! ಮುಂಗಾಲಿನ ಪುಟ್ಟ ಚಿಮುಟಗಳಿಂದ ಕಲ್ಲು ಕೆದಕುವುದು, ಹೆಕ್ಕಿದ್ದನ್ನು ಬಾಯಿಗಿಡುವುದು, ನಡುವೆ ತನ್ನದೇ ಮೀಸೆ ಎಳೆದು ಒರೆಸಿಕೊಳ್ಳುವುದು.

ಇವುಗಳ ಮೈಯ ಕೆಂಪು ಯಾರಿಗೋ ತೋರಿಸಲೆಂದು ಇರುವುದಲ್ಲ. ಕಡಲ ನೀರು ಮೊದಲು ನುಂಗುವುದು ಕೆಂಪು ಬೆಳಕನ್ನೇ. ಹತ್ತಿಪ್ಪತ್ತು ಮೀಟರ್ ಆಳದಲ್ಲಿ ಇದೇ ಮೈ ಕಪ್ಪಗೆ ಕತ್ತಲೆಯೊಳಗೆ ಸೇರಿಹೋಗುತ್ತದೆ. ನಾನು ಬಿಳಿ ಎಲ್‌ಇಡಿ ಉರಿಸಿ ಆ ಮರೆಯನ್ನೇ ಕಿತ್ತುಕೊಂಡಿದ್ದೇನೆ. ಹಗಲೆಲ್ಲ ಅಡಗಿರುತ್ತವೆ ಎಂದು ದೂರುವ ಹಕ್ಕು ನನಗೆಲ್ಲಿದೆ? ವಿಜ್ಞಾನಿಗಳೇ ಇವಕ್ಕೆ ಹೆಸರಿಟ್ಟದ್ದು ತಡವಾಗಿ, 1983ರಲ್ಲಿ.

ಏಪ್ರಿಲ್ 27

ಬೆಳಿಗ್ಗೆ ಮಗ ಕಿರುಚಿದ, "ಅಮ್ಮಾ, ಒಂದು ಸತ್ತಿದೆ!" ಪೊರೆ ಅದು. ತೆಗೆದು ಅಂಗೈಮೇಲೆ ಇಟ್ಟುಕೊಂಡು ನೋಡಿದೆ: ಮೀಸೆಯ ಕವಚ, ಕಾಲಿನ ಕವಚ, ಕಣ್ಣಿನ ಮೇಲಿನ ತೆಳು ಪರದೆ ಕೂಡ ಹಾಗೇ ಕಳಚಿದೆ. ತಲೆ ಮತ್ತು ಬೆನ್ನು ಸೇರುವಲ್ಲಿ ಬಿರುಕು. ಅಲ್ಲಿಂದಲೇ ಆಚೆ ಬಂದಿರಬೇಕು. ಹೊಸ ಚಿಪ್ಪು ಗಟ್ಟಿಯಾಗುವವರೆಗೆ ರಾತ್ರಿಯೂ ಮುಖ ತೋರಿಸುವುದಿಲ್ಲ.

ಮೇ 9

ನಿದ್ದೆಗೆಟ್ಟು ಆಫೀಸಿನಲ್ಲಿ ತೂಕಡಿಕೆ. ಹವಳಗಳಿಗೆ ಬೇಕಾದ್ದು ದಿನಕ್ಕೆ ಎಂಟೊಂಬತ್ತು ಗಂಟೆ ಬೆಳಕು. ಅದು ಯಾವ ಎಂಟು ಗಂಟೆ ಎಂದು ಅವು ಕೇಳುವುದಿಲ್ಲ. (ನನ್ನಲ್ಲಿರುವುದು ಮೃದು ಹವಳ ಮಾತ್ರ. ಕಲ್ಲುಹವಳ ನಮ್ಮ ವನ್ಯಜೀವಿ ಕಾಯ್ದೆಯಲ್ಲಿ ಹುಲಿಯ ಜೊತೆ ಒಂದನೇ ಅನುಸೂಚಿಯಲ್ಲಿದೆ.) ಟೈಮರನ್ನು ದಿನಾ ಸ್ವಲ್ಪಸ್ವಲ್ಪವೇ ಹಿಂದಕ್ಕೆ ತಂದು ಏಳು ಗಂಟೆಗೆ ರಾತ್ರಿ ಮಾಡುವುದು. ಹಾಲಿನ ಟ್ಯೂಬ್‌ಲೈಟೂ ಆರಬೇಕು. ಮಗನ ಹೋಂವರ್ಕ್ ಅಡುಗೆಮನೆಗೆ.

ಮೇ 23

ಮೊದಲ ಕೆಲವು ದಿನ ಅವು ಹಳೆಯ ಗಡಿಯಾರವನ್ನೇ ನಂಬಿದ್ದವು. ಕತ್ತಲಾದರೂ ಹತ್ತರ ನಂತರವೇ ಹೊರಗೆ. ಈಗ ಎಂಟಕ್ಕೆಲ್ಲ ಹಾಜರು. ಅತ್ತೆ ಕುರ್ಚಿ ಎಳೆದುಕೊಂಡು ಕೂತರು. ನಾನು ಇಕ್ಕುಳದಲ್ಲಿ ತುಂಡು ಹಿಡಿದದ್ದು ನೋಡಿ, "ಎಂತ ಮಾರಾಯ್ತಿ, ಸಿಗಡಿಗೆ ಸಿಗಡಿಯನ್ನೇ ತಿನ್ನಿಸುದಾ?" ಕುಂದಾಪುರದವರಾದ ಅತ್ತೆಗೆ ಸೀಗಡಿಯನ್ನು ತಿನ್ನದೆ ಸಾಕುವುದೇ ಅನ್ಯಾಯ.

ಕ್ಲೌನ್ ಮೀನಿನ ಮೈಮೇಲೆ ಬಿಳಿ ಚುಕ್ಕಿ ಎದ್ದಿದೆ. ತಾಮ್ರದ ಔಷಧಿಯನ್ನು ಟ್ಯಾಂಕಿಗೇ ಹಾಕಿದರೆ ಸೀಗಡಿ ಸಾಯುತ್ತವೆ. ಮೀನುಗಳಿಗೆ ಬೇರೆ ಡಬ್ಬ, ಬೇರೆ ಹೀಟರ್.

ಜೂನ್ 8

ಎರಡರ ಹೊಟ್ಟೆಯಡಿಯೂ ಹಸಿರು ಮೊಟ್ಟೆ ಇದ್ದವು. ಈ ಜಾತಿ ಬೆಳೆಯುವಾಗ ಗಂಡು, ಬೆಳೆದ ಮೇಲೆ ಒಂದರಲ್ಲೇ ಎರಡೂ. ಯಾವ ಎರಡನ್ನು ತಂದರೂ ಜೋಡಿಯೇ. ಇವತ್ತು ಲೈಟು ಆರಿದ ಸ್ವಲ್ಪ ಹೊತ್ತಿಗೆ ಒಂದು ಬಾಲ ಝಾಡಿಸಿತು, ನೀರೆಲ್ಲ ಧೂಳು. ಟಾರ್ಚಿನ ಕೆಂಪು ಕಾಗದ ತೆಗೆದು ಮೂಲೆಗೆ ಹಿಡಿದರೆ ಆ ಧೂಳೆಲ್ಲ ಬೆಳಕಿನತ್ತ ನುಗ್ಗಿಬಂತು! ಹೆತ್ತವು ಬೆಳಕು ಕಂಡರೆ ಓಡುತ್ತವೆ, ಮರಿಗಳಿಗೆ ಬೆಳಕೇ ಬೇಕು. ಮೇಲ್ಮೈಗೆ ಬಂದು ಪ್ಲವಕಗಳ ಜೊತೆ ತೇಲುವುದು ಅವುಗಳ ಬಾಲ್ಯ.

ಜಗ್ಗಿನಲ್ಲಿ ಹಿಡಿದಿಟ್ಟುಕೊಂಡರೂ ಮುಂದೇನು? ತಳಕ್ಕಿಳಿಯುವಷ್ಟು ಬೆಳೆಯಲು ಅವಕ್ಕೆ ಎರಡು ಮೂರು ತಿಂಗಳಾದರೂ ಬೇಕು. ಪ್ರಯೋಗಾಲಯಗಳಲ್ಲೇ ಅದು ಕಷ್ಟ. ಅಂಗಡಿಯಲ್ಲಿ ಸಿಗುವವು ಬಹುಪಾಲು ಕಡಲಿನಿಂದ ಹಿಡಿದವೇ. ಜಗ್ಗನ್ನು ವಾಪಸ್ ಸುರಿದೆ. ಪಂಪು, ಫಿಲ್ಟರು, ಹವಳ ಹಂಚಿಕೊಂಡವು.

ಇನ್ನೊಂದು ಜೋಡಿ ಬಂದಿದೆ ಎಂದು ಅಂಗಡಿಯವರ ಮೆಸೇಜು. ಬೇಡ ಎಂದು ಬರೆದೆ. ಮರಿಗಳಿಗೆ ತಿನ್ನಿಸಲು ಆರ್ಟೀಮಿಯಾ ಮೊಟ್ಟೆಯ ಡಬ್ಬ ಇದೆಯೇ ಎಂದೂ ಕೇಳಿದೆ. ಮುಂದಿನ ಮರಿಗಳನ್ನು ಒಂದು ವಾರವಾದರೂ ಉಳಿಸಿ ನೋಡಬೇಕು.